ಧರೆಯ ಮೇಲೆ ಬಿದ್ದ ಮಳೆ ಎಲ್ಲಿ ಹೋಯಿತು? ಮಿಶ್ರ ಜಾಲದ ಗಡಿ ಲೆಕ್ಕ

ಮಲೆನಾಡಿನಲ್ಲಿ ಮನೆಗೆ ಜಾಗ ಮಾಡಿಕೊಳ್ಳಲು ಗುಡ್ಡ ಕಡಿದಾಗ ಹಿತ್ತಿಲಲ್ಲಿ ನೆಟ್ಟಗೆ ನಿಲ್ಲುವ ಮಣ್ಣಿನ ಗೋಡೆಗೆ ಧರೆ ಎನ್ನುತ್ತಾರೆ. ಜಡಿಮಳೆ ಹಿಡಿದ ವಾರಗಳಲ್ಲಿ ಅದರೊಳಗೆ ನೀರು ಎಷ್ಟು ಎತ್ತರಕ್ಕೆ ಏರುತ್ತದೆ, ಏರಿದ ನೀರು ಯಾವ ಮಟ್ಟದಲ್ಲಿ ಒಸರುತ್ತದೆ ಎಂದು ಫೈನೈಟ್ ಎಲಿಮೆಂಟ್ ವಿಧಾನದಿಂದ, ಅಂದರೆ ಮಣ್ಣಿನ ರಾಶಿಯನ್ನು ಪುಟ್ಟ ಕೋಶಗಳ ಜಾಲವಾಗಿ ಒಡೆದು, ಲೆಕ್ಕ ಹಾಕಿಕೊಡುವುದು ಶಿವಮೊಗ್ಗದ ನನ್ನ ಕಚೇರಿಗೆ ಬರುವ ಕೆಲಸಗಳಲ್ಲೊಂದು. ಕೆಲವು ವರ್ಷಗಳ ಹಿಂದೆ ತೀರ್ಥಹಳ್ಳಿ ಕಡೆಯ ಒಂದು ಧರೆಗೆ ಇಂಥ ಲೆಕ್ಕ ಮಾಡಿದಾಗ, ಕಂಪ್ಯೂಟರ್ ತೋರಿಸಿದ ಜಲಮಟ್ಟವು ಆ ಮನೆಯ ಬಾವಿಯಲ್ಲಿ ನಾವೇ ಹಗ್ಗ ಬಿಟ್ಟು ಅಳೆದ ಮಟ್ಟಕ್ಕಿಂತ ಬಹಳ ಕೆಳಗಿತ್ತು. ಮಣ್ಣಿನ ಗುಣಾಂಕಗಳನ್ನು ಹಿಂದೆ ಮುಂದೆ ತಿದ್ದುತ್ತ ಎರಡು ದಿನ ಕಳೆದ ಮೇಲೆ, ತಪ್ಪು ಇರುವುದು ಗಡಿಯಲ್ಲಿ ಎಂದು ಗೊತ್ತಾಯಿತು.

ಆ ಜಾಲವನ್ನು ನಾಲ್ಕು ಬಗೆಯ ಕೋಶಗಳಿಂದ ಹೆಣೆಯಲಾಗಿತ್ತು. ಜಂಬಿಟ್ಟಿಗೆ ಮತ್ತು ಅದರಡಿಯ ಜೇಡಿ ಮಣ್ಣು ಹಾಸುಹಾಸಾಗಿ ಇರುವ ಕಡೆ ಇಟ್ಟಿಗೆಯಾಕಾರದ ಹೆಕ್ಸಾ ಕೋಶಗಳು. ಮಳೆನೀರು ಕೊರೆದ ಕೊರಕಲಿನ ಬಳಿ ನೆಲ ಅಡ್ಡಾದಿಡ್ಡಿಯಾಗಿ ತಿರುಗುವುದರಿಂದ ತಲೆ, ಬುಡ ಎರಡೂ ತ್ರಿಕೋನವಾಗಿರುವಂತೆ ನಿಲ್ಲಿಸಿದ ಪ್ರಿಸಂಗಳು. ತಡೆಗೋಡೆಯ ಬುನಾದಿಯ ಸುತ್ತ ನಾಲ್ಕೂ ಮುಖ ತ್ರಿಕೋನವಾದ ಟೆಟ್ರಾಗಳು. ಹೆಕ್ಸಾದ ಚತುರ್ಭುಜ ಮುಖವನ್ನು ಟೆಟ್ರಾದ ತ್ರಿಕೋನ ಮುಖಕ್ಕೆ ಬೆಸೆಯಲು ನಡುವೆ ಪಿರಮಿಡ್‌ಗಳು. ಹೀಗಾಗಿ ಆಕಾಶಕ್ಕೆ ತೆರೆದ ಮೇಲ್ಮೈಯ ಹೆಚ್ಚಿನ ಭಾಗ ಚತುರ್ಭುಜಗಳಿಂದಲೂ, ಕೊರಕಲಿನ ಆಸುಪಾಸು ಮಾತ್ರ ಪ್ರಿಸಂಗಳ ತ್ರಿಕೋನ ತಲೆಗಳಿಂದಲೂ ಕೂಡಿತ್ತು.

ಗಡಿಯಲ್ಲಿ ನಾವು ಹೇಳಬೇಕಾದ ಸಂಗತಿ ಎರಡು ಬಗೆಯದು. ಬುಡದ ಬಸಿಗಾಲುವೆಯಲ್ಲಿ ನೀರಿನ ಮಟ್ಟ ಗೊತ್ತಿರುವುದರಿಂದ ಅಲ್ಲಿ ಮೌಲ್ಯವನ್ನೇ ಕಟ್ಟಿಹಾಕುತ್ತೇವೆ. ಇದು ಡಿರಿಕ್ಲೆ ಷರತ್ತು. ಮೇಲ್ಮೈಯಲ್ಲಿ ಎಷ್ಟು ನೀರು ಒಳಗಿಳಿಯುತ್ತದೆ ಎಂಬ ಹರಿವನ್ನು ಹೇಳುತ್ತೇವೆ. ಇದು ನೋಯ್‌ಮನ್ ಷರತ್ತು. ಏನನ್ನೂ ಹೇಳದೆ ಬಿಟ್ಟ ಮುಖದ ಗತಿಯೇನು? ತಂತ್ರಾಂಶ ಅದನ್ನು ತಪ್ಪೆಂದು ಎಣಿಸುವುದಿಲ್ಲ, ಎಚ್ಚರಿಕೆಯನ್ನೂ ಕೊಡುವುದಿಲ್ಲ. ವಿಧಾನದ ಗಣಿತವೇ ಅಂಥ ಮುಖದಲ್ಲಿ ಹರಿವನ್ನು ಸೊನ್ನೆಯಾಗಿಸುತ್ತದೆ, ಅಂದರೆ ಅಲ್ಲಿಗೆ ಸಿಮೆಂಟು ಬಳಿದಂತೆ.

ನನ್ನ ಲೆಕ್ಕದಲ್ಲಿ ಆದದ್ದೂ ಅದೇ. ಜಾಲ ಹೆಣೆಯುವ ತಂತ್ರಾಂಶವಾದ ಜಿ-ಮೆಶ್ ಬರೆದುಕೊಡುವ ಕಡತದಲ್ಲಿ ಪ್ರತಿ ಆಕಾರಕ್ಕೂ ಒಂದು ಸಂಕೇತಸಂಖ್ಯೆಯಿದೆ: ಮೂರು ನೋಡ್‌ಗಳ (ಮೌಲ್ಯವನ್ನು ಲೆಕ್ಕ ಹಾಕುವ ಬಿಂದುಗಳ) ತ್ರಿಕೋನಕ್ಕೆ 2, ನಾಲ್ಕು ನೋಡ್‌ಗಳ ಚತುರ್ಭುಜಕ್ಕೆ 3. ಬರೀ ಹೆಕ್ಸಾ ಜಾಲಗಳ ಕಾಲದಲ್ಲಿ ನಾನೇ ಬರೆದಿಟ್ಟಿದ್ದ ಓದುಗ ಪ್ರೋಗ್ರಾಂ, ಗಡಿಯ ಗುರುತುಗಳನ್ನು 3ರ ಸಾಲುಗಳಿಂದ ಮಾತ್ರ ಎತ್ತಿಕೊಳ್ಳುತ್ತಿತ್ತು. ಕೊರಕಲಿನ ತ್ರಿಕೋನಗಳಿಗೆ ‘ಮಳೆ’ ಎಂಬ ಗುರುತು ದಕ್ಕಲೇ ಇಲ್ಲ. ನೀರು ಅತಿ ಹೆಚ್ಚು ಇಳಿಯುವ ಜಾಗವೇ ಲೆಕ್ಕದಲ್ಲಿ ಒಣಗಿಕೊಂಡಿತ್ತು.

ಇದನ್ನು ಹಿಡಿದುಕೊಟ್ಟದ್ದು ಒಂದು ಸರಳ ಕೂಡಿಕೆ. ದಿನಕ್ಕೆ 100 ಮಿಲಿಮೀಟರ್ ನೀರು ಇಳಿಯುತ್ತದೆ ಎಂದು ಇಟ್ಟುಕೊಂಡಿದ್ದೆವು. ಮಳೆ ನೆಟ್ಟಗೆ ಬೀಳುವುದರಿಂದ ಇಲ್ಲಿ ಹಿಡಿಯಬೇಕಾದದ್ದು ಇಳಿಜಾರಿನ ವಿಸ್ತೀರ್ಣವಲ್ಲ, ನಕಾಶೆಯಲ್ಲಿ ಕಾಣುವ ವಿಸ್ತೀರ್ಣ. ಅದು 2,400 ಚದರ ಮೀಟರ್. ಒಟ್ಟು ಒಳಹರಿವು ದಿನಕ್ಕೆ 240 ಘನ ಮೀಟರ್ ಇರಬೇಕಿತ್ತು. ಪ್ರೋಗ್ರಾಂ ಸೇರಿಸಿದ ಎಲ್ಲ ನೋಡ್ ಹರಿವುಗಳನ್ನು ಕೂಡಿದಾಗ 187 ಬಂತು. ಕಳೆದುಹೋದ 53 ಘನ ಮೀಟರ್‌ಗೆ 530 ಚದರ ಮೀಟರ್ ನೆಲ ಬೇಕು, ಮತ್ತು ತ್ರಿಕೋನಗಳೆಲ್ಲ ಸೇರಿ ನಕಾಶೆಯ ಮೇಲೆ ಅಷ್ಟೇ ಜಾಗ ಆವರಿಸಿದ್ದವು.

ಗುರುತು ತಿದ್ದಿ ಮತ್ತೆ ಓಡಿಸಿದರೆ ಮೊತ್ತ 293ಕ್ಕೆ ಏರಿತು. ಕಳೆದದ್ದು ಸಿಕ್ಕಿತ್ತು, ಆದರೆ ಎರಡರಷ್ಟಾಗಿ! ಮುಖದ ಮೇಲಿನ ಅನುಕಲನವನ್ನು, ಅಂದರೆ ಹರಿವಿನ ಒಟ್ಟು ಕೂಡಿಕೆಯನ್ನು, ಮೂಲಮಾದರಿ ಆಕಾರದ ಮೇಲೆ ಕೆಲವು ಬಿಂದುಗಳಿಗೆ ತೂಕ ಕೊಟ್ಟು ಮಾಡಲಾಗುತ್ತದೆ. ಬದಿ 1 ಇರುವ ಚತುರ್ಭುಜದಲ್ಲಿ ಆ ತೂಕಗಳ ಮೊತ್ತ 1. ಅದೇ ಬದಿಯ ಲಂಬಕೋನ ತ್ರಿಕೋನದಲ್ಲಿ ವಿಸ್ತೀರ್ಣವೇ ಅರ್ಧವಾದ್ದರಿಂದ ತೂಕಗಳ ಮೊತ್ತವೂ 1/2 ಆಗಬೇಕು. ನಾನು ಒಂದು ಕೋಷ್ಟಕದಿಂದ ಎತ್ತಿಕೊಂಡಿದ್ದ ತ್ರಿಕೋನ ಸೂತ್ರದ ತೂಕಗಳನ್ನು ಮೊತ್ತ 1 ಬರುವಂತೆ ಕೊಟ್ಟಿದ್ದರು. ಕೋಷ್ಟಕ ಸರಿಯಾಗಿಯೇ ಇತ್ತು. ಮುನ್ನುಡಿಯ ಸಾಲನ್ನು ಓದದವನು ನಾನು.

ಮಿಶ್ರ ಜಾಲವನ್ನು ನಿಭಾಯಿಸುವ ತಂತ್ರಾಂಶವು ಕೋಶದ ಹೆಸರು ಕೇಳಿ ಸುಮ್ಮನಾಗಬಾರದು, ಪ್ರತಿ ಮುಖದ ಆಕಾರವನ್ನೂ ಕೇಳಬೇಕು. ಮುಕ್ತ ತಂತ್ರಾಂಶವಾದ ಡೀಲ್-ಟೂ ದೀರ್ಘಕಾಲ ಚತುರ್ಭುಜ ಮತ್ತು ಹೆಕ್ಸಾ ಕೋಶಗಳಿಗಷ್ಟೇ ಸೀಮಿತವಾಗಿದ್ದು, 2021ರ 9.3ನೇ ಆವೃತ್ತಿಯಲ್ಲಿ ಉಳಿದ ಆಕಾರಗಳನ್ನು ಒಳಗೆ ಬಿಟ್ಟುಕೊಂಡಿತು. ಅದರ ಎಣಿಕೆಯಲ್ಲಿ ಪ್ರಿಸಂನ 0 ಮತ್ತು 1ನೇ ಮುಖಗಳು ತ್ರಿಕೋನ, ಮಿಕ್ಕ ಮೂರು ಚತುರ್ಭುಜ. ಪಿರಮಿಡ್‌ನಲ್ಲಿ 0ನೆಯದು ಮಾತ್ರ ಚತುರ್ಭುಜ. ಕೋಶಕ್ಕೊಂದೇ ಅನುಕಲನ ಸೂತ್ರ ಸಾಕು ಎಂಬ ಹಳೆಯ ರೂಢಿ ಇಲ್ಲಿ ನಡೆಯುವುದಿಲ್ಲ.

ಬದಿಗಳ ನಡುವೆಯೂ ನೋಡ್ ಇರುವ ದ್ವಿಘಾತ ಕೋಶಗಳಿಗೆ ಬಂದಾಗ ವಿಷಯ ಇನ್ನೂ ಸೂಕ್ಷ್ಮವಾಗುತ್ತದೆ. ಒಂದು ಮುಖದ ಮೇಲೆ ಒಂದೇ ಸಮನೆ ಹರಿವಿದೆ ಎನ್ನಿ. ಬದಿಗಳು ನೇರವಾಗಿರುವ ಆರು ನೋಡ್‌ಗಳ ತ್ರಿಕೋನದಲ್ಲಿ ಮೂಲೆಗಳಿಗೆ ಸೊನ್ನೆ, ಪ್ರತಿ ಬದಿಯ ನಡುವಿನ ನೋಡ್‌ಗೆ ಮೂರನೇ ಒಂದು ಪಾಲು. ಎಂಟು ನೋಡ್‌ಗಳ ಆಯತದಲ್ಲಿ ಬದಿ ನಡುವಿನ ನಾಲ್ಕಕ್ಕೂ ಮೂರನೇ ಒಂದೊಂದು ಪಾಲು, ಮೂಲೆಗಳಿಗೆ ಋಣ 1/12. ಮೊದಲ ಸಲ ನೋಡಿದವರು ಇದನ್ನು ಮುದ್ರಣದೋಷವೆಂದೇ ತಿಳಿಯುತ್ತಾರೆ, ಆದರೆ ಕೂಡಿ ನೋಡಿದರೆ ಒಂದೇ ಬರುತ್ತದೆ. ಧರೆಯ ಮುಖದಲ್ಲಿ ಒಸರು ಎಲ್ಲಿಂದ ಶುರುವಾಗುತ್ತದೆಂದು ಹುಡುಕುವಾಗ ಈ ಋಣಚಿಹ್ನೆ ಕಾಟ ಕೊಡುತ್ತದೆ. ನೋಡ್‌ನಲ್ಲಿ ನೀರು ಹೊರಗೆ ಬರುತ್ತಿದ್ದರೆ ಆ ಜಾಗವನ್ನು ಒಸರುಮುಖದಲ್ಲಿ ಉಳಿಸಿಕೊಳ್ಳುವುದು, ಒಳಗೆ ಹೋಗುತ್ತಿದ್ದರೆ ಬಿಡಿಸುವುದು ಅಲ್ಲಿನ ರೂಢಿಯ ಉಪಾಯ. ಇಡೀ ಮುಖದಿಂದ ನೀರು ಹೊರಬರುತ್ತಿದ್ದರೂ ಚತುರ್ಭುಜಗಳ ಮೂಲೆಗಳು ಒಳಹರಿವನ್ನೇ ತೋರಿಸುತ್ತವೆ, ತ್ರಿಕೋನಗಳ ಮೂಲೆಗಳು ಏನನ್ನೂ ಹೇಳುವುದಿಲ್ಲ. ಇಂಥ ಕೆಲಸಕ್ಕೆ ನಾನು ಮೂಲೆಗಳಲ್ಲಷ್ಟೇ ನೋಡ್ ಇರುವ ಏಕಘಾತ ಕೋಶಗಳನ್ನೇ ಬಳಸುತ್ತೇನೆ. ದ್ವಿಘಾತವೇ ಬೇಕೆಂದಾದರೆ ನೋಡ್ ಬಿಟ್ಟು ಮುಖದ ಒಟ್ಟು ಹರಿವಿನ ಚಿಹ್ನೆಯನ್ನು ನೋಡುತ್ತೇನೆ.

ಮೌಲ್ಯವನ್ನು ಕಟ್ಟಿಹಾಕುವ ಗಡಿಯಲ್ಲಿ ತೊಡಕು ಕಡಿಮೆ. ಏಕಘಾತ, ದ್ವಿಘಾತ ಕೋಶಗಳಲ್ಲಿ ತ್ರಿಕೋನ ಮತ್ತು ಚತುರ್ಭುಜಗಳು ಹಂಚಿಕೊಂಡ ಅಂಚಿನ ನೋಡ್‌ಗಳು ಒಂದೇ ಜಾಗದಲ್ಲಿರುತ್ತವೆ. ಅಂಚಿನ ನಡುವೆ ಎರಡೆರಡು ನೋಡ್ ಇರುವ ತ್ರಿಘಾತದಲ್ಲಿ ಹಾಗಿರಬೇಕೆಂದಿಲ್ಲ: ಚತುರ್ಭುಜವು ಗೌಸ್-ಲೊಬಾಟೊ ಎಂಬ ಸಮದೂರವಲ್ಲದ ಬಿಂದುಗಳನ್ನು ಬಳಸಿದರೆ ಒಳನೋಡ್‌ಗಳು ಅಂಚಿನ 0.276 ಮತ್ತು 0.724ರಲ್ಲಿ ಕೂರುತ್ತವೆ, ಸಮದೂರದ ತ್ರಿಕೋನದಲ್ಲಿ 1/3 ಮತ್ತು 2/3ರಲ್ಲಿ. ಎರಡನ್ನೂ ಒಂದೇ ನೋಡ್ ಎಂದು ಹೊಲಿದರೆ ಅಂಚು ಸುಕ್ಕುಗಟ್ಟುತ್ತದೆ.

ಈಗ ನಾಲ್ಕೂ ಆಕಾರಗಳಿರುವ ಪುಟ್ಟ ಜಾಲವೊಂದನ್ನು ಇಟ್ಟುಕೊಂಡಿದ್ದೇನೆ. ಹೊಸ ಕೆಲಸಕ್ಕೆ ಕೈಹಾಕುವ ಮುನ್ನ ಅದರ ಗಡಿಯ ಮೇಲೆಲ್ಲ ಒಂದು ಏಕಘಾತ ಫಲನದ ಮೌಲ್ಯಗಳನ್ನು ಕೊಟ್ಟು, ಒಳಗಿನ ನೋಡ್‌ಗಳಲ್ಲೂ ಅದೇ ಫಲನ ಹತ್ತನೇ ದಶಾಂಶದವರೆಗೆ ಬರುತ್ತದೆಯೇ ಎಂದು ನೋಡುತ್ತೇನೆ. ಎರಡನೇ ಸುತ್ತಿನಲ್ಲಿ ಕೆಲವು ಮುಖಗಳಿಗೆ ಮೌಲ್ಯದ ಬದಲು ಅದೇ ಫಲನದ ಹರಿವನ್ನು ಕೊಡುತ್ತೇನೆ. ಫಲನ ಸ್ಥಿರಾಂಕವಾಗಿರಕೂಡದು, ಏಕೆಂದರೆ ಸ್ಥಿರಾಂಕಕ್ಕೆ ಎಲ್ಲೆಡೆ ಹರಿವು ಸೊನ್ನೆ, ಗುರುತು ತಪ್ಪಿದ ಮುಖವೂ ಆ ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತದೆ. ಹಾಗಾಗಿ ಮೂರು ದಿಕ್ಕಿಗೂ ಬೇರೆ ಬೇರೆ ಇಳಿಜಾರಿರುವಂತೆ 2, 3 ಮತ್ತು 5ರ ಗುಣಕಗಳನ್ನು ಇಡುತ್ತೇನೆ.