ರೈಫಲ್ ಆರಿಸಿದ್ದು ಗೋದಾಮಿನಲ್ಲಿದ್ದ ಗುಂಡು

ಎರಡು ರೈಫಲ್‌ಗಳಲ್ಲಿ ಯಾವುದನ್ನು ಕೊಳ್ಳಬೇಕು ಎಂಬ ಚರ್ಚೆ ಶುರುವಾದರೆ ಮಾತು ತೂಕ, ಗುರಿ, ಬೆಲೆಯ ಸುತ್ತಲೇ ಸುತ್ತುತ್ತದೆ. ಅದರೊಳಗೆ ತುಂಬುವ ಗುಂಡು ಎಲ್ಲಿಂದ ಬರುತ್ತದೆ ಎಂದು ಕೇಳುವವರು ಕಮ್ಮಿ. ಅಮೆರಿಕದ ಸೇನೆ 1920 ಮತ್ತು 30ರ ದಶಕದಲ್ಲಿ ಇಂಥದ್ದೇ ಆಯ್ಕೆ ಮಾಡಬೇಕಾಗಿ ಬಂದಾಗ ಕೊನೆಗೆ ಗೆದ್ದದ್ದು ಈ ಕೊನೆಯ ಪ್ರಶ್ನೆ. ಆ ತೀರ್ಮಾನದ ಎಳೆ ನಮ್ಮ ಪೊಲೀಸರ ಹೆಗಲಿನ ಎಸ್‌ಎಲ್‌ಆರ್‌ವರೆಗೂ ಬಂದಿದೆ.

ಆಗ ಅಮೆರಿಕದ ಸೈನಿಕರ ಕೈಯಲ್ಲಿದ್ದದ್ದು 1903ರ ಸ್ಪ್ರಿಂಗ್‌ಫೀಲ್ಡ್. ಒಂದು ಗುಂಡು ಹಾರಿಸಿ, ಗುಂಡಿನ ಹಿಂಬದಿ ಮುಚ್ಚುವ ಬೋಲ್ಟನ್ನು ಎಳೆದು ತಳ್ಳಿ, ಮತ್ತೆ ಗುರಿ ಹಿಡಿಯಬೇಕು. ಸೆಮಿ ಆಟೊಮ್ಯಾಟಿಕ್‌ನಲ್ಲಿ ಆ ಎಳೆದಾಟವಿಲ್ಲ. ಮದ್ದು ತುಂಬಿದ್ದ ಖಾಲಿ ಕೋಶವನ್ನು ಹೊರಹಾಕಿ ಮುಂದಿನ ಗುಂಡನ್ನು ಒಳಕ್ಕೆ ತಳ್ಳುವ ಕೆಲಸವನ್ನು ಬಂದೂಕೇ ಮಾಡಿಕೊಳ್ಳುತ್ತದೆ. ಸೈನಿಕ ಪ್ರತಿ ಗುಂಡಿಗೆ ಒಮ್ಮೆ ಟ್ರಿಗರ್ ಒತ್ತಿದರೆ ಸಾಕು.

ಸೇನೆಗೆ ಇಂಥ ಬಂದೂಕು ಮಾಡಿಕೊಡುತ್ತೇವೆ ಎಂದು ಹೊರಟ ಇಬ್ಬರೂ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದಲ್ಲೇ ಇದ್ದರು. ಒಬ್ಬ ಜಾನ್ ಪೆಡರ್ಸನ್. ಆಗಲೇ ಹೆಸರು ಮಾಡಿದ್ದವನು. ಇನ್ನೊಬ್ಬ ಜಾನ್ ಗ್ಯಾರಂಡ್. ಕೆನಡಾದ ಕ್ವಿಬೆಕ್‌ನಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಬಟ್ಟೆ ಗಿರಣಿಗೆ ದುಡಿಯಲು ಹೋಗಿ, ಅಲ್ಲಿನ ಯಂತ್ರಗಳ ನಡುವೆಯೇ ಕೆಲಸ ಕಲಿತವನು. ಪೆಡರ್ಸನ್‌ಗೆ ರಾಯಲ್ಟಿಯ ಒಪ್ಪಂದವಿತ್ತು. ಗ್ಯಾರಂಡ್‌ಗೆ ಸರ್ಕಾರಿ ಸಂಬಳ ಅಷ್ಟೇ.

ಪೆಡರ್ಸನ್ ಬುದ್ಧಿವಂತ. ಬಂದೂಕಿಗಿಂತ ಮೊದಲು ಗುಂಡನ್ನೇ ಬದಲಿಸೋಣ ಎಂದ. ಸೇನೆಯ .30 ಇಂಚು ದಪ್ಪದ ಗುಂಡು ಬೇಕಾದ್ದಕ್ಕಿಂತ ಜಾಸ್ತಿ ಬಲದ್ದು, ಅದನ್ನು ತಡೆದುಕೊಳ್ಳಲು ಬಂದೂಕು ಭಾರವಾಗಬೇಕು, ಭುಜಕ್ಕೆ ಒದೆತವೂ ಜೋರು. ಅವನು .276 ಇಂಚಿನ ಸಣ್ಣ ಗುಂಡು ಮಾಡಿದ. 1928ರಲ್ಲಿ ಸೇನೆ ಇದನ್ನು ಪರೀಕ್ಷಿಸಿದ ಬಗೆ ವಿಚಿತ್ರ: ಅರಿವಳಿಕೆ ಕೊಟ್ಟ ಹಂದಿಗಳ ಮೇಲೆ ಬೇರೆ ಬೇರೆ ದೂರದಿಂದ ಬೇರೆ ಬೇರೆ ಗಾತ್ರದ ಗುಂಡು ಹಾರಿಸಿ ಗಾಯ ಅಳೆದರು. ಆ ಸಮಿತಿಗೆ ‘ಹಂದಿ ಮಂಡಳಿ’ ಎಂದೇ ಹೆಸರು ಬಿತ್ತು. ಹತ್ತಿರದ ದೂರದಲ್ಲಿ ಸಣ್ಣ ಗುಂಡು ದೊಡ್ಡದಕ್ಕಿಂತ ಏನೂ ಕಮ್ಮಿಯಿಲ್ಲ ಎಂದು ತಿಳಿದಾಗ ದೊಡ್ಡ ಗುಂಡಿನ ಅಭಿಮಾನಿಗಳಿಗೆ ಇರಿಸುಮುರಿಸಾಗಿರಬೇಕು.

ಗುಂಡು ಗೆದ್ದಿತು, ಅದನ್ನು ಮಾಡಿದವನ ಬಂದೂಕು ಸೋತಿತು. ಪೆಡರ್ಸನ್ ರೈಫಲ್‌ನಲ್ಲಿ ಕೋಶ ಒಳಗೇ ಕಚ್ಚಿಕೊಳ್ಳದಿರಲಿ ಎಂದು ಗುಂಡುಗಳಿಗೆ ತೆಳುವಾಗಿ ಮೇಣ ಸವರಬೇಕಿತ್ತು. ಒಣ ಮೇಣ, ಕೈಗೆ ಅಂಟುವುದಿಲ್ಲ ಎಂದು ಅವನು ಎಷ್ಟು ಹೇಳಿದರೂ, ಯುದ್ಧಕ್ಕೆ ಹೋಗುವ ಗುಂಡಿಗೆ ಮೇಣ ಎಂದರೆ ಯಾವ ಸೇನಾಧಿಕಾರಿಗೆ ಹಿಡಿಸುತ್ತದೆ? ಗ್ಯಾರಂಡ್‌ನದು ಸರಳ. ಗುಂಡನ್ನು ನೂಕುವ ಅನಿಲದಲ್ಲೇ ಸ್ವಲ್ಪ ಕದ್ದು, ಅದರ ಒತ್ತಡದಿಂದ ಬೋಲ್ಟನ್ನು ಹಿಂದಕ್ಕೆ ತಳ್ಳುತ್ತಿತ್ತು. ಮೇಣ ಬೇಡ. ಜನವರಿ 1932ರಲ್ಲಿ ರೈಫಲ್‌ಗಳನ್ನು ಪರೀಕ್ಷಿಸುತ್ತಿದ್ದ ಸೇನಾ ಮಂಡಳಿ .276 ಗುಂಡಿನ ಗ್ಯಾರಂಡ್ ರೈಫಲನ್ನೇ ಕೊಳ್ಳಿ ಎಂದು ಶಿಫಾರಸು ಮಾಡಿತು.

ಮುಂದಿನ ತಿಂಗಳು ಸೇನಾ ಮುಖ್ಯಸ್ಥ ಡಗ್ಲಸ್ ಮ್ಯಾಕ್‌ಆರ್ಥರ್ ಅದನ್ನು ತಳ್ಳಿಹಾಕಿದರು. ಅವರ ಲೆಕ್ಕ ಗೋದಾಮಿನದು. ಮೊದಲ ಮಹಾಯುದ್ಧದಿಂದ ಉಳಿದ .30 ಗುಂಡುಗಳು ರಾಶಿ ಬಿದ್ದಿದ್ದವು. ಮಷಿನ್ ಗನ್‌ಗಳೂ ಅದೇ ಗುಂಡಿನವು. ದೇಶವೋ ಆರ್ಥಿಕ ಕುಸಿತದಲ್ಲಿತ್ತು. ಹೊಸ ರೈಫಲ್ ಬೇಕಾದರೆ ಕೊಳ್ಳೋಣ, ಆದರೆ ಹಳೆ ಗುಂಡಿಗೇ ಮಾಡಿ ಎಂದರು. ಇಡೀ ರೈಫಲನ್ನು .276 ಗುಂಡಿನ ಸುತ್ತಲೇ ಕಟ್ಟಿದ್ದ ಪೆಡರ್ಸನ್ ಅಲ್ಲಿಗೆ ಕಣದಿಂದ ಹೊರಬಿದ್ದ. .30 ಗುಂಡಿಗೂ ಒಂದು ಮಾದರಿ ಮಾಡಿಟ್ಟಿದ್ದ ಗ್ಯಾರಂಡ್ ಉಳಿದುಕೊಂಡ. ಹತ್ತು ಗುಂಡಿನ ಜಾಗದಲ್ಲಿ ಎಂಟು ಬಂತು, ತೂಕ 4.3 ಕಿಲೋ ಆಯಿತು. ಜನವರಿ 1936ರಲ್ಲಿ ಅದಕ್ಕೆ ಎಂ1 ಎಂಬ ಅಧಿಕೃತ ಹೆಸರು ಸಿಕ್ಕಿತು.

ಅಷ್ಟರಲ್ಲಿ ಮೂರನೆಯವನು ಬಂದ. ಮೆಲ್ವಿನ್ ಜಾನ್ಸನ್, ಬಾಸ್ಟನ್‌ನ ವಕೀಲ, ಮೆರೀನ್ ಪಡೆಯ ಮೀಸಲು ಅಧಿಕಾರಿ. ವಕೀಲ ಎಂದ ಮೇಲೆ ವಾದಕ್ಕೆ ಬರವೇ? ತನ್ನ ರೈಫಲ್ ಎಂ1ಗಿಂತ ಮೇಲು ಎಂದು ಪತ್ರಿಕೆಗಳಿಂದ ಸಂಸತ್ತಿನವರೆಗೂ ವಾದಿಸಿದ. 1940ರಲ್ಲಿ ಈ ವಿಷಯ ಅಮೆರಿಕದಲ್ಲಿ ದೊಡ್ಡ ಗಲಾಟೆಯೇ ಆಯಿತು.

ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಅವನ ಮಾತಿನಲ್ಲಿ ಹುರುಳಿತ್ತು. ಎಂ1ಗೆ ಗುಂಡು ತುಂಬಲು ಎಂಟು ಗುಂಡು ಹಿಡಿದಿಡುವ ಉಕ್ಕಿನ ಕ್ಲಿಪ್ಪನ್ನೇ ಮೇಲಿನಿಂದ ಹೆಬ್ಬೆರಳಲ್ಲಿ ಒತ್ತಬೇಕು. ಅದು ಕೂತ ತಕ್ಷಣ ಬೋಲ್ಟ್ ರಪ್ಪನೆ ಮುಂದಕ್ಕೆ ಬರುತ್ತದೆ, ಬೆರಳು ತೆಗೆಯದಿದ್ದರೆ ಜಜ್ಜಿಹೋಗುತ್ತದೆ. ಎಷ್ಟು ಜನರ ಬೆರಳು ಹಾಗಾಯಿತೆಂದರೆ ಆ ಗಾಯಕ್ಕೆ ‘ಎಂ1 ಹೆಬ್ಬೆರಳು’ ಎಂದೇ ಹೆಸರು. ಎಂಟನೇ ಗುಂಡು ಹಾರಿದ ಮೇಲೆ ಖಾಲಿ ಕ್ಲಿಪ್ ಠಣ್ ಎಂದು ಹೊರಕ್ಕೆ ಚಿಮ್ಮುತ್ತದೆ. ನಡುವೆ ಎರಡು ಗುಂಡು ಸೇರಿಸೋಣ ಅಂದರೆ ತುಂಬಾ ಕಷ್ಟ. ಜಾನ್ಸನ್‌ನದರಲ್ಲಿ ಹೊಟ್ಟೆಯ ಹತ್ತಿರ ದುಂಡಗಿನ ಮ್ಯಾಗಜಿನ್, ಅದರಲ್ಲಿ ಹತ್ತು ಗುಂಡು. ಹಳೆ ಸ್ಪ್ರಿಂಗ್‌ಫೀಲ್ಡ್‌ನ ಐದರ ಕ್ಲಿಪ್ಪೇ ಸಾಕು, ಬೇಕಾದಾಗ ಬಿಡಿ ಗುಂಡನ್ನೂ ತೂರಿಸಬಹುದು.

ಆದರೆ ಜಾನ್ಸನ್ ರೈಫಲ್‌ನಲ್ಲಿ ಪ್ರತಿ ಹೊಡೆತಕ್ಕೂ ನಳಿಗೆಯೇ ಸ್ವಲ್ಪ ಹಿಂದಕ್ಕೆ ಸರಿದು ಬರಬೇಕು. ತುದಿಗೆ ಇರಿಯುವ ಭಾರದ ಚೂರಿ, ಅಂದರೆ ಬಯೊನೆಟ್, ಸಿಕ್ಕಿಸಿದರೆ ಆ ಚಲನೆಯೇ ಕೆಡುತ್ತದೆ. ಹಾಗಾಗಿ ಸಣ್ಣ ಮೊಳೆಯಂಥ ಬಯೊನೆಟ್ ಕೊಟ್ಟರು. ಬಯೊನೆಟ್ ಹಿಡಿದು ನುಗ್ಗುವುದನ್ನೇ ಕಲಿಸುತ್ತಿದ್ದ ಪಡೆಗೆ ಇದು ತಮಾಷೆಯಾಗಿ ಕಂಡಿರಬೇಕು.

1940ರ ಕೊನೆಯಲ್ಲಿ ಮೆರೀನ್ ಪಡೆ ಸ್ಯಾನ್ ಡಿಯೇಗೊದಲ್ಲಿ ಇವೆರಡನ್ನೂ ಹಳೆ ಸ್ಪ್ರಿಂಗ್‌ಫೀಲ್ಡ್ ಮತ್ತು ವಿಂಚೆಸ್ಟರ್‌ನ ಒಂದು ಮಾದರಿಯ ಜೊತೆಗೆ ಮಣ್ಣು, ಮರಳು, ಉಪ್ಪುನೀರಿಗೆ ಹಾಕಿ ಪರೀಕ್ಷಿಸಿತು. ಕೆಸರಿನಲ್ಲಿ ಕೈಕೊಡದೆ ನಿಂತದ್ದು ಹಳೆ ಬೋಲ್ಟ್ ರೈಫಲ್! ಸೆಮಿ ಆಟೊಮ್ಯಾಟಿಕ್‌ಗಳ ಪೈಕಿ ಎಂ1 ಮುಂದಿತ್ತು. ಅದಕ್ಕೂ ಮಿಗಿಲಾಗಿ, ಎಂ1 ತಯಾರಿಸುವ ಯಂತ್ರಗಳು ಆಗಲೇ ಓಡುತ್ತಿದ್ದವು. ಯುದ್ಧ ಬಾಗಿಲಲ್ಲಿದ್ದಾಗ ಅದನ್ನು ನಿಲ್ಲಿಸಿ ಇನ್ನೊಂದಕ್ಕೆ ಹೋಗುವ ಧೈರ್ಯ ಯಾರಿಗಿತ್ತು? ಮೆರೀನ್ ಪಡೆಯೂ ಎಂ1ಗೇ ಒಪ್ಪಿತು. ಎಂ1 ಸಿಗದ ಡಚ್ಚರು ತಮ್ಮ ಈಸ್ಟ್ ಇಂಡೀಸ್‌ಗೆಂದು ಜಾನ್ಸನ್ ರೈಫಲ್‌ಗಳಿಗೆ ಆರ್ಡರ್ ಕೊಟ್ಟರು, 1942ರಲ್ಲಿ ಜಪಾನ್ ಆ ದ್ವೀಪಗಳನ್ನೇ ಹಿಡಿಯಿತು. ಉಳಿದವು ಮೆರೀನ್ ಪ್ಯಾರಾಟ್ರೂಪರ್‌ಗಳ ಕೈಸೇರಿದವು. ಎಂ1 ಮಾತ್ರ ಯುದ್ಧ ಮುಗಿಯುವಷ್ಟರಲ್ಲಿ 40 ಲಕ್ಷದಷ್ಟು ತಯಾರಾಗಿತ್ತು. ಗ್ಯಾರಂಡ್‌ಗೆ ರಾಯಲ್ಟಿ ಒಂದು ಪೈಸೆಯೂ ಬರಲಿಲ್ಲ. ಒಂದು ಲಕ್ಷ ಡಾಲರ್ ಕೊಡೋಣ ಎಂಬ ಮಸೂದೆ ಸಂಸತ್ತಿನಲ್ಲಿ ಬಿದ್ದುಹೋಯಿತು.

ಗುಂಡಿನ ಕಥೆ ಇಲ್ಲಿಗೆ ಮುಗಿಯಲಿಲ್ಲ. ಯುದ್ಧದ ನಂತರ ಬ್ರಿಟಿಷರು ಮತ್ತೆ ಸಣ್ಣ ಗುಂಡಿನ ಮಾತೆತ್ತಿದರು. ಅವರದು .280, ಪೆಡರ್ಸನ್‌ನ ಗುಂಡಿನ ಹತ್ತಿರದ್ದೇ. ಅಮೆರಿಕ ಮತ್ತೆ ಒಪ್ಪಲಿಲ್ಲ. .30 ದಪ್ಪವನ್ನು ಹಾಗೇ ಇಟ್ಟುಕೊಂಡು ಕೋಶವನ್ನಷ್ಟೇ ಗಿಡ್ಡ ಮಾಡಿದ 7.62×51 (ಗುಂಡಿನ ದಪ್ಪ ಮತ್ತು ಕೋಶದ ಉದ್ದ, ಮಿಲಿಮೀಟರ್‌ನಲ್ಲಿ) ಗುಂಡನ್ನು 1954ರಲ್ಲಿ ನ್ಯಾಟೋ ದೇಶಗಳಿಗೆಲ್ಲ ಒಪ್ಪಿಸಿತು. ಸಣ್ಣ ಗುಂಡಿಗೆಂದು ಹುಟ್ಟಿದ್ದ ಬೆಲ್ಜಿಯಂನ ಎಫ್‌ಎಎಲ್ ರೈಫಲನ್ನು ಈ ದೊಡ್ಡ ಗುಂಡಿಗೆ ಹಿಗ್ಗಿಸಬೇಕಾಯಿತು.

1962ರಲ್ಲಿ ಚೀನಾದ ಎದುರು ನಮ್ಮವರು ಬೋಲ್ಟ್ ಎಳೆಯುವ .303 ರೈಫಲ್ ಹಿಡಿದು ನಿಂತಿದ್ದರು. ಅದಾದ ಮೇಲೆ ಬಂಗಾಳದ ಇಶಾಪುರ ಕಾರ್ಖಾನೆಯಲ್ಲಿ ಎಫ್‌ಎಎಲ್ ಮಾದರಿಯಲ್ಲೇ 1ಎ1 ಎಂಬ ರೈಫಲ್ ತಯಾರಾಗತೊಡಗಿತು. ಎಸ್‌ಎಲ್‌ಆರ್ ಎಂದು ನಾವು ಕರೆಯುವುದು ಅದನ್ನೇ. ಗುಂಡು ಅದೇ 7.62×51. ನಡುವೆ ನಮ್ಮ ಸೇನೆ ಇನ್ಸಾಸ್ ರೈಫಲ್‌ನ ಸಣ್ಣ 5.56 ಗುಂಡಿಗೆ ಹೋಯಿತು. 2019ರಲ್ಲಿ ಮತ್ತೆ 7.62×51 ಬೇಕೆಂದು ಸಿಗ್ ಸಾವರ್ ಕಂಪನಿಯ 72,400 ರೈಫಲ್‌ಗಳಿಗೆ ಒಪ್ಪಂದ ಮಾಡಿಕೊಂಡಿತು. ಮೂರು ವರ್ಷದ ನಂತರ, 2022ರಲ್ಲಿ, ಅಮೆರಿಕದ ಸೇನೆ ಅದೇ ಕಂಪನಿಯಿಂದ ತನ್ನ ಹೊಸ ರೈಫಲ್ ಆರಿಸಿತು. ಅದರ ಗುಂಡಿನ ಅಳತೆ .277.