ಆಟಿಸಂ ಇರುವ ಮಗನಿಗೆ ಸಾಫ್ಟ್‌ವೇರ್ ಕೆಲಸ ಸಿಗುತ್ತದೆಯೇ?

ಪ್ರಶ್ನೆ: ನನ್ನ ಮಗಗ ಆಟಿಸಂ ಐತ್ರಿ, ಇಪ್ಪತ್ತು ವರ್ಷ. ದಿನಾ ಪೂರ್ತಿ ಕಂಪ್ಯೂಟರ್ ಮುಂದ ಕೂತಿರ್ತಾನ. ಸಾಫ್ಟ್‌ವೇರ್ ಕಂಪನ್ಯಾಗ ಕೆಲಸ ಸಿಗತೈತೇನ್ರಿ?
– ಒಬ್ಬ ತಾಯಿ, ಧಾರವಾಡ

ಸಿಗಬಹುದು ಅಕ್ಕಾರ. ಆದರೆ ಕಂಪ್ಯೂಟರ್ ಮುಂದೆ ಕೂರುತ್ತಾನೆ ಅನ್ನುವ ಕಾರಣಕ್ಕಲ್ಲ.

ಇದನ್ನು ಎಷ್ಟು ಸಲ ಹೇಳಿದ್ದೇನೋ, ಮತ್ತೆ ಹೇಳುತ್ತೇನೆ: ಆಟಿಸಂ ಇದ್ದವರೆಲ್ಲ ಹುಟ್ಟಾ ಕಂಪ್ಯೂಟರ್ ಪಂಡಿತರಲ್ಲ. ಕೆಲವರಿಗೆ ಕೋಡ್ ಒಲಿಯುತ್ತದೆ, ಕೆಲವರಿಗೆ ಗಿಡ, ಕೆಲವರಿಗೆ ಅಡುಗೆ. ಕೆಲವರಿಗೆ ದಿನವಿಡೀ ಜೊತೆಗೊಬ್ಬರು ಬೇಕು. ಯೂಟ್ಯೂಬ್ ನೋಡುವುದು ಬೇರೆ, ಕೊಟ್ಟ ಕೆಲಸ ಮುಗಿಸುವುದು ಬೇರೆ. ಆಟಿಸಂ ಇದ್ದರೆ ಕಂಪ್ಯೂಟರ್ ಬಂದೇ ಬರುತ್ತದೆ ಅನ್ನುವ ನಂಬಿಕೆಯಿಂದ ಮಕ್ಕಳಿಗೆ ಪೆಟ್ಟು ಬೀಳುತ್ತದೆ. ನನ್ನ ಹತ್ತಿರ ಬಂದ ಒಬ್ಬ ಹುಡುಗನನ್ನು ಮನೆಯವರು ಎರಡು ವರ್ಷ ಕೋಡ್ ಬರೆಯುವ ಜಾವಾ ಕ್ಲಾಸಿಗೆ ಕಳಿಸಿದ್ದರು. ಕೀಬೋರ್ಡ್ ಕಂಡರೆ ಕಿವಿ ಮುಚ್ಚಿಕೊಳ್ಳುತ್ತಿದ್ದ. ಅವನ ಕೈಗೆ ಹಳೆಯ ಕಡತದ ಸ್ಕ್ಯಾನ್ ಪ್ರತಿ, ಟೈಪ್ ಆದ ಪ್ರತಿ ಎರಡನ್ನೂ ಕೊಟ್ಟು ತಾಳೆ ನೋಡಲು ಹೇಳಿದೆ. ನನ್ನ ಕಣ್ಣಿಗೆ ಬೀಳದ ಹನ್ನೊಂದು ತಪ್ಪು ಹಿಡಿದ! ಆ ಹಾಳೆ ಇನ್ನೂ ನನ್ನ ಮೇಜಿನ ಮೇಲಿದೆ.

ಡೆನ್ಮಾರ್ಕಿನ ಥಾರ್ಕಿಲ್ ಸೊನ್ನೆ ಅವರ ಮಗನಿಗೂ ಆಟಿಸಂ. 2004ರಲ್ಲಿ ಅವರು ಶುರು ಮಾಡಿದ ಕಂಪನಿ ಇಂಥವರಿಗೆ ಸಾಫ್ಟ್‌ವೇರ್ ಟೆಸ್ಟಿಂಗ್, ಅಂದರೆ ಅದರಲ್ಲಿನ ತಪ್ಪು ಹುಡುಕುವ ಕೆಲಸ ಕೊಟ್ಟಿತು. 2013ರಲ್ಲಿ ಜರ್ಮನಿಯ ಸಾಫ್ಟ್‌ವೇರ್ ಕಂಪನಿ ಎಸ್‌ಎಪಿ, 2015ರಲ್ಲಿ ಮೈಕ್ರೋಸಾಫ್ಟ್ ತಮ್ಮದೇ ನೇಮಕಾತಿ ಕಾರ್ಯಕ್ರಮ ತಂದವು. ಮೈಕ್ರೋಸಾಫ್ಟ್ ಮುಖ್ಯವಾಗಿ ಬದಲಿಸಿದ್ದು ಇಂಟರ್‌ವ್ಯೂವನ್ನು. ಒಂದು ತಾಸಿನ ಮಾತುಕತೆಯ ಬದಲು ಕೆಲವು ದಿನ ಕೆಲಸ ಮಾಡಿಸಿ ನೋಡುವುದು. ನಮ್ಮ ಹುಡುಗರು ಸೋಲುವುದು 'ನಿಮ್ಮ ಬಗ್ಗೆ ಹೇಳಿ' ಎಂಬ ಪ್ರಶ್ನೆಗೇ ಹೊರತು ಕೆಲಸಕ್ಕಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಆಟಿಸಂ ಕೂಡ ಇದೆ. ಸರ್ಕಾರಿ ಹುದ್ದೆಗಳ ಶೇ. 4ರ ಮೀಸಲಾತಿಗೆ ಕನಿಷ್ಠ ಶೇ. 40 ಅಂಗವೈಕಲ್ಯ ಇದೆ ಎಂಬ ಪ್ರಮಾಣಪತ್ರ ಬೇಕು. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ.

ನೀವು ಕೇಳಲಿಲ್ಲ, ಆದರೂ ನಾನು ಕೇಳುತ್ತೇನೆ: ಕೆಲಸ ಹುಬ್ಬಳ್ಳಿಯಲ್ಲಿ ಸಿಕ್ಕರೆ ಅವನು ಹೋಗುವುದು ಹೇಗೆ? ದಿನಾ ಅಪ್ಪ ಬೈಕಿನಲ್ಲಿ ಬಿಡುತ್ತಾರೆಯೇ? ಈಗಿನಿಂದಲೇ ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ಸಿನಲ್ಲಿ ಓಡಾಡುವುದನ್ನು ಕಲಿಸಿ. ಅದಕ್ಕೆ ತನ್ನದೇ ದಾರಿ, ಗೊತ್ತಾದ ನಿಲ್ದಾಣ. ನಮ್ಮ ಮಕ್ಕಳಿಗೆ ಒಗ್ಗುವ ಬಸ್ ಅದು. ಮೊದಲ ವಾರ ಪಕ್ಕದಲ್ಲಿ ಕೂರಿ, ಎರಡನೇ ವಾರ ಹಿಂದಿನ ಸೀಟಿನಲ್ಲಿ. ಗದ್ದಲ ತಡೆಯದಿದ್ದರೆ ಹೆಡ್‌ಫೋನ್ ಹಾಕಿಕೊಳ್ಳಲಿ. ಬಸ್ ತಪ್ಪಿದರೆ ಏನು ಮಾಡಬೇಕು ಅನ್ನುವುದನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಡಿ. ಒಮ್ಮೆ ಬೇಕೆಂದೇ ಬಸ್ ತಪ್ಪಿಸಿ, ಆ ಚೀಟಿ ತೆಗೆದು ಓದುತ್ತಾನೋ ಇಲ್ಲವೋ ನೋಡಿ.