ಪಿಡಿಎಫ್ ಕಡತವನ್ನು ಬ್ಲೆಂಡರ್‌ಗೆ ತರುವುದು ಹೇಗೆ?

ಪ್ರಶ್ನೆ: ವರ್ಡ್‌ನಲ್ಲಿ ಮಾಡಿದ ಕನ್ನಡ ಪುಟವೊಂದರ ಪಿಡಿಎಫ್ ನನ್ನಲ್ಲಿದೆ. ಅದರ ಅಕ್ಷರಗಳು ಒಂದೊಂದಾಗಿ ಹಾರಿಬರುವಂತೆ ಅನಿಮೇಷನ್ ಮಾಡಬೇಕು. 3ಡಿ ಅನಿಮೇಷನ್ ತಂತ್ರಾಂಶವಾದ ಬ್ಲೆಂಡರ್‌ನ ಇಂಪೋರ್ಟ್ ಪಟ್ಟಿಯಲ್ಲಿ ಪಿಡಿಎಫ್ ಕಾಣುತ್ತಿಲ್ಲ. ಏನು ಮಾಡಲಿ?

ಉತ್ತರ: ಬ್ಲೆಂಡರ್ ಪಿಡಿಎಫ್ ಅನ್ನಾಗಲಿ ವರ್ಡ್ ಕಡತವನ್ನಾಗಲಿ ನೇರವಾಗಿ ಓದುವುದಿಲ್ಲ. ಪಠ್ಯವನ್ನು ಕಾಪಿ ಮಾಡಿ ಬ್ಲೆಂಡರ್‌ನ ಟೆಕ್ಸ್ಟ್ ಆಬ್ಜೆಕ್ಟ್‌ಗೆ ಅಂಟಿಸಿದರೆ ಒತ್ತಕ್ಷರಗಳು ಕಳಚಿಕೊಳ್ಳುತ್ತವೆ. ಆದ್ದರಿಂದ ಪಠ್ಯವನ್ನು ಬಿಟ್ಟು ಅಕ್ಷರಗಳ ಆಕಾರವನ್ನಷ್ಟೇ ತರಬೇಕು. ಅದಕ್ಕೆ ಎಸ್‌ವಿಜಿ (ಆಕಾರಗಳನ್ನು ಗೆರೆಗಳಾಗಿ ಉಳಿಸುವ ಚಿತ್ರಕಡತ) ಬೇಕು.

ಪಿಡಿಎಫ್ ಅನ್ನು ಇಂಕ್‌ಸ್ಕೇಪ್ ಎಂಬ ಉಚಿತ ಚಿತ್ರರಚನಾ ತಂತ್ರಾಂಶದಲ್ಲಿ ತೆರೆಯಿರಿ. ಆಗ ಬರುವ ಕಿಟಕಿಯಲ್ಲಿ ಬೇಕಾದ ಪುಟವನ್ನೂ, ಅಕ್ಷರಗಳನ್ನು ಆಕಾರವಾಗಿಸುವ ಆಯ್ಕೆಯನ್ನೂ ಆರಿಸಿ. ಹಳೆಯ ಆವೃತ್ತಿಗಳಲ್ಲಿ ಇದು ‘ಪಾಪ್ಲರ್/ಕೈರೊ ಇಂಪೋರ್ಟ್’ ಎಂದಿರುತ್ತದೆ. ಇದನ್ನು ಮರೆತರೆ ಅಕ್ಷರಗಳು ಟೆಕ್ಸ್ಟ್ ಆಗಿಯೇ ಉಳಿಯುತ್ತವೆ, ಬ್ಲೆಂಡರ್ ಅವನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಪುಟದಷ್ಟೇ ದೊಡ್ಡ ಬಿಳಿ ಚೌಕವಿದ್ದರೆ ಅಳಿಸಿ, ಕ್ಲಿಪ್‌ಗಳನ್ನು (ಆಕಾರದ ಒಂದು ಭಾಗವನ್ನಷ್ಟೇ ತೋರಿಸುವ ಚೌಕಟ್ಟುಗಳನ್ನು) ರಿಲೀಸ್ ಮಾಡಿ, ಪ್ಲೇನ್ ಎಸ್‌ವಿಜಿ ಆಗಿ ಉಳಿಸಿ. ಪುಟದಲ್ಲಿರುವ ಫೋಟೊಗಳು ಈ ದಾರಿಯಲ್ಲಿ ಬರುವುದಿಲ್ಲ.

ಬ್ಲೆಂಡರ್‌ನಲ್ಲಿ ಇಂಪೋರ್ಟ್ ಮಾಡಿದ ಮೇಲೆ ‘ಏನೂ ಬರಲಿಲ್ಲ’ ಎನ್ನುವವರೇ ಹೆಚ್ಚು. ಬಂದಿರುತ್ತದೆ, ಆದರೆ ನಿಜವಾದ ಅಳತೆಯಲ್ಲಿ: ಎ4 ಪುಟ ಸುಮಾರು 21 ಸೆಂ.ಮೀ. ಅಗಲ, ಪಕ್ಕದ ಡೀಫಾಲ್ಟ್ ಕ್ಯೂಬ್ 2 ಮೀಟರ್. ಕಡತದ ಹೆಸರಿನ ಕಲೆಕ್ಷನ್‌ನಲ್ಲಿರುವುದೆಲ್ಲವನ್ನೂ ಆಯ್ದು, ಹತ್ತು ಪಟ್ಟು ಹಿಗ್ಗಿಸಲು ಎಸ್ ಒತ್ತಿ 10 ಟೈಪಿಸಿ. ಆಮೇಲೆ, ತಿರುಗುವ ಕೇಂದ್ರವನ್ನು ಆಯಾ ಅಕ್ಷರದ ನಡುವಿಗೆ ತರುವ ‘ಆರಿಜಿನ್ ಟು ಜಿಯೊಮೆಟ್ರಿ’ ಕೊಡಿ. ಕೊಡದಿದ್ದರೆ ಪ್ರತಿ ಅಕ್ಷರವೂ ತನ್ನ ನಡುವಿನಿಂದ ತಿರುಗದೆ ದೂರದ ಯಾವುದೋ ಬಿಂದುವನ್ನು ಸುತ್ತುತ್ತದೆ.

ಕನ್ನಡಕ್ಕೆ ಇನ್ನೊಂದು ತೊಡಕಿದೆ. ‘ಸ್ತ್ರೀ’ಯಂಥ ಅಕ್ಷರ ಹಲವು ತುಂಡುಗಳಾಗಿ ಬರಬಹುದು; ಮೂಲಾಕ್ಷರ ಹಾರಿದರೂ ಒತ್ತು ನಿಂತಲ್ಲೇ ನಿಲ್ಲುತ್ತದೆ. ತುಂಡುಗಳನ್ನು ಕಂಟ್ರೋಲ್-ಜೆ ಒತ್ತಿ ಹಾಗೆಯೇ ಸೇರಿಸಿದರೆ, ಒಂದರ ಮೇಲೊಂದು ಬಿದ್ದ ಕಡೆ ತೂತು ಬೀಳುತ್ತದೆ, ಏಕೆಂದರೆ ಒಂದೇ ಕರ್ವ್‌ನೊಳಗೆ (ಗೆರೆಗಳಿಂದಾದ ಆಕಾರದೊಳಗೆ) ಒಂದನ್ನೊಂದು ಹಾಯುವ ಗೆರೆಗಳನ್ನು ಬ್ಲೆಂಡರ್ ರಂಧ್ರವೆಂದು ಎಣಿಸುತ್ತದೆ. ಮೊದಲು ಮೆಶ್‌ಗೆ (ಸಣ್ಣ ಮುಖಗಳಿಂದಾದ ಮೇಲ್ಮೈಗೆ) ಕನ್ವರ್ಟ್ ಮಾಡಿ, ನಂತರ ಸೇರಿಸಿ. ದಪ್ಪ ಬೇಕಿದ್ದರೆ ಕನ್ವರ್ಟ್ ಮಾಡುವ ಮುನ್ನವೇ ಎಕ್ಸ್‌ಟ್ರೂಡ್ ಕೊಡುವುದು ಸುಲಭ.

ಅಕ್ಷರಗಳು ಬಿಡಿಬಿಡಿಯಾಗಿ ಚಲಿಸಬೇಕಿಲ್ಲ, ಇಡೀ ಪುಟ ಮಗುಚಿದರೆ ಸಾಕು ಎನ್ನುವವರಿಗೆ ಇಷ್ಟೆಲ್ಲ ಬೇಡವೇ ಬೇಡ. ಪುಟವನ್ನು ಜಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ 300 ಡಿಪಿಐಗೆ (ಇಂಚಿಗೆ 300 ಚುಕ್ಕೆ) ತೆರೆದು ಪಿಎನ್‌ಜಿ ಮಾಡಿ. ಎ4ಗೆ ಅದು 2480×3508 ಪಿಕ್ಸೆಲ್. 1080 ಪಿಕ್ಸೆಲ್ ಎತ್ತರದ ವಿಡಿಯೊದಲ್ಲಿ ಕ್ಯಾಮೆರಾ ಮೂರು ಪಟ್ಟು ಹತ್ತಿರ ಹೋದರೂ ಅಕ್ಷರ ಮಸುಕಾಗದು. ಚಿತ್ರವನ್ನು ಬ್ಲೆಂಡರ್‌ಗೆ ಪ್ಲೇನ್ (ಚಪ್ಪಟೆ ಹಾಳೆ) ಆಗಿ ತರುವಾಗ, ಬೆಳಕು-ನೆರಳು ತಾಗದಂತೆ ಶೇಡ್‌ಲೆಸ್ ಆರಿಸಿ. ಆಗಲೂ ಕಾಗದ ಬೂದಾಗಿ ಕಂಡರೆ, ಕಲರ್ ಮ್ಯಾನೇಜ್‌ಮೆಂಟ್‌ನಲ್ಲಿ ವ್ಯೂ ಟ್ರಾನ್ಸ್‌ಫಾರ್ಮ್ ಅನ್ನು ಸ್ಟ್ಯಾಂಡರ್ಡ್‌ಗೆ ಬದಲಿಸಿ.

ಅಡೋಬಿಯ ಅನಿಮೇಷನ್ ತಂತ್ರಾಂಶವಾದ ಆಫ್ಟರ್ ಎಫೆಕ್ಟ್ಸ್ ಬಳಸುವವರಿಗೆ ಒಂದು ಮಾತು: ಅದು ಪಿಡಿಎಫ್ ಅನ್ನು ನೇರವಾಗಿ ತೆಗೆದುಕೊಳ್ಳುತ್ತದೆ, ಆದರೆ ಮೊದಲ ಪುಟವನ್ನು ಮಾತ್ರ. ಉಳಿದ ಪುಟಗಳು ಬೇಕಿದ್ದರೆ ಒಂದೊಂದನ್ನೂ ಪ್ರತ್ಯೇಕ ಪಿಡಿಎಫ್ ಮಾಡಿಕೊಳ್ಳಿ.